ಕ್ಯಾನ್ಸರ್ ವಾಸಿಯಾಯ್ತು, ಮಗು ಓದಲ್ಲಿ ಯಾಕೆ ಹಿಂದೆ ಬೀಳ್ತಿದೆ? ಹಾಸನ, ಚಿಕ್ಕಮಗಳೂರು ಕಡೆ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದವಳು. ನನ್ನ ಮಗನಿಗೆ ನಾಲ್ಕು ವರ್ಷ ಇದ್ದಾಗ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯ್ತು, ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಟ್ರೀಟ್ಮೆಂಟ್ ನಡೀತು, ಈಗ ಒಂಬತ್ತನೇ ಕ್ಲಾಸು, ಆರೋಗ್ಯವಾಗಿದ್ದಾನೆ. ಆಗ ವಾರ್ಡಲ್ಲಿ, ಬೆಂಗಳೂರು ಬಸ್ಸಲ್ಲಿ ಪರಿಚಯ ಆದ ಬೇಲೂರು, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯವರು ಇವತ್ತಿಗೂ ಫೋನ್ ಮಾಡ್ತಾರೆ, ಅವರು ನಂಬರ್ ಕೊಟ್ಟ ಬೇರೆಯವರೂ ಮಾಡ್ತಾರೆ, ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ನಾನು ಡಾಕ್ಟ್ರಲ್ಲ. ಇಷ್ಟು ವರ್ಷ ಡಾಕ್ಟ್ರನ್ನ, ಸೈಕಾಲಜಿಸ್ಟನ್ನ, ಮೇಷ್ಟ್ರುಗಳನ್ನ ಬಿಡದೆ ಕೇಳಿ ತಿಳ್ಕೊಂಡಿದ್ದನ್ನ ಬರೀತಿದ್ದೀನಿ. ನಿಮ್ಮ ಮಗುವಿನ ವಿಷಯದಲ್ಲಿ ಕೊನೇ ಮಾತು ನಿಮ್ಮ ಡಾಕ್ಟ್ರದ್ದೇ.

ಕಾಯಿಲೆ ಹೋಗಿ ಮೂರು ವರ್ಷ ಆಯ್ತು. ಆಗ ಚೆನ್ನಾಗೇ ಇದ್ದ. ಈಗ ಯಾಕೆ ಹಿಂಗಾಯ್ತು?

ಇದನ್ನೇ ಎಲ್ಲರೂ ಮೊದಲು ಕೇಳೋದು, ಯಾಕಂದ್ರೆ ಕೂದಲು ಉದುರೋದು, ವಾಂತಿ, ಬಾಯಿ ಹುಣ್ಣು ಎಲ್ಲ ಟ್ರೀಟ್ಮೆಂಟ್ ಟೈಮಲ್ಲೇ ಬಂದು ಹೋಗುತ್ತೆ, ಆದ್ರೆ ತಲೆಗೆ ಆಗೋ ಪರಿಣಾಮ ಹಂಗಲ್ಲ, ಅದು ಎರಡು, ಮೂರು, ಐದು ವರ್ಷ ಬಿಟ್ಟು ಕಾಣಿಸ್ಕೊಳ್ಳುತ್ತೆ. ಡಾಕ್ಟ್ರು ಇದನ್ನ ಲೇಟ್ ಎಫೆಕ್ಟ್ ಅಂತಾರೆ.

ನಮ್ಮ ಕಡೆ ಸರ್ಕಾರಿ ಶಾಲೆ ಮಕ್ಕಳಲ್ಲಿ ನಾನು ನೋಡಿರೋ ಹಾಗೆ ಇದು ಬಯಲಿಗೆ ಬರೋದು ನಾಲ್ಕನೇ ಕ್ಲಾಸಲ್ಲಿ. ಒಂದರಿಂದ ಮೂರರ ತನಕ ನಲಿಕಲಿ, ಮಗು ತನ್ನ ವೇಗದಲ್ಲಿ ಕಾರ್ಡು ಹಿಡ್ಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತೆ, ನಿಧಾನ ಆದ್ರೂ ಯಾರಿಗೂ ಗೊತ್ತಾಗಲ್ಲ. ನಾಲ್ಕಕ್ಕೆ ಬಂದ ತಕ್ಷಣ ಎಲ್ಲರೂ ಒಟ್ಟಿಗೆ ಬೋರ್ಡ್ ನೋಡಿ ಬರೀಬೇಕು, ಪಾಠ ಉದ್ದ, ಲೆಕ್ಕ ಎರಡು ಮೂರು ಹಂತದ್ದು. ಅಲ್ಲಿವರೆಗೆ ಮೆದುಳಿನ ಮೇಲೆ ಇಷ್ಟು ಭಾರ ಬಿದ್ದಿರಲಿಲ್ಲ, ಬಿದ್ದಾಗ ತಡೆಯಕ್ಕೆ ಆಗ್ತಿಲ್ಲ.

ಅಂದ್ರೆ ಬುದ್ಧಿ ಕಮ್ಮಿ ಆಯ್ತಾ? ಕಲಿತಿದ್ದೆಲ್ಲ ಮರೆತು ಹೋಗ್ತಿದ್ಯಾ?

ಇಲ್ಲ. ಬೇರೆ ಏನು ಓದದಿದ್ರೂ ಇದೊಂದನ್ನ ಓದಿ. ಸಾಮಾನ್ಯವಾಗಿ ಈ ಮಕ್ಕಳು ಕಲಿತಿದ್ದನ್ನ ಕಳ್ಕೊಳ್ಳಲ್ಲ. ಹೊಸದನ್ನ ಕಲಿಯೋ ವೇಗ ಕಮ್ಮಿ ಆಗಿರುತ್ತೆ. ಜೊತೆಯ ಮಕ್ಕಳು ವರ್ಷಕ್ಕೆ ಒಂದು ವರ್ಷದಷ್ಟು ಮುಂದೆ ಹೋಗ್ತಾರೆ, ನಮ್ಮ ಮಗು ಅದೇ ವರ್ಷದಲ್ಲಿ ಎಂಟು ತಿಂಗಳಷ್ಟು ಹೋಗುತ್ತೆ ಅನ್ಕೊಳ್ಳಿ, ಹಿಂಗೇ ನಾಲ್ಕು ವರ್ಷ ಆದ್ರೆ ಅಂತರ ಎಷ್ಟಾಯ್ತು ನೋಡಿ. ಬುದ್ಧಿಮಟ್ಟ ಅಳೆಯೋ ಐಕ್ಯೂ ನಂಬರ್ ಕೆಳಗೆ ಬಂತು ಅಂತ ರಿಪೋರ್ಟಲ್ಲಿ ಬರೆದಿದ್ರೆ ಎಷ್ಟೋ ಸಲ ಇದೇ ಕಾರಣ, ಯಾಕಂದ್ರೆ ಆ ನಂಬರ್ ಲೆಕ್ಕ ಹಾಕೋದೇ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿ. ಮಗು ಹಿಂದಕ್ಕೆ ನಡೀತಿಲ್ಲ, ಮುಂದಕ್ಕೇ ನಡೀತಿದೆ, ಹೆಜ್ಜೆ ಸಣ್ಣದು.

ಹೆಚ್ಚಾಗಿ ಪೆಟ್ಟು ಬೀಳೋದು ಮೂರು ಕಡೆ. ಕೇಳಿದ್ದು, ನೋಡಿದ್ದು ತಲೆಗೆ ಹೋಗಿ ಉತ್ತರ ಹೊರಗೆ ಬರೋ ಸ್ಪೀಡು. ಒಂದೇ ಕಡೆ ಗಮನ ಇಡೋದು. ಇನ್ನೊಂದು, ಕೆಲಸ ಮುಗಿಯೋ ತನಕ ನಾಲ್ಕು ವಿಷಯ ತಲೇಲಿ ಹಿಡ್ಕೊಳ್ಳೋದು, ಉದಾಹರಣೆಗೆ ಕೂಡುವಾಗ ದಶಕ ಇಟ್ಕೊಳ್ಳೋದು. ಮಾತು, ಹಾಡು, ಕತೆ ಹೇಳೋದು ಎಷ್ಟೋ ಮಕ್ಕಳಲ್ಲಿ ಚೆನ್ನಾಗೇ ಉಳಿದಿರುತ್ತೆ, ಅದಕ್ಕೇ ನೋಡೋರಿಗೆ ಗೊಂದಲ, ಇಷ್ಟು ಚೆನ್ನಾಗಿ ಮಾತಾಡ್ತಾನೆ, ಬರೆಯೋಕೆ ಸೋಮಾರಿ ಅಂತ. ಸೋಮಾರಿ ಅಲ್ಲ ಕಣ್ರೀ.

ತಲೆ ಒಳಗೆ ಏನಾಗಿರುತ್ತೆ?

ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯೋ ನರದ ಎಳೆಗಳ ಮೇಲೆ ಮೈಲಿನ್ ಅಂತ ಕೊಬ್ಬಿನ ಪದರ ಇರುತ್ತೆ, ವೈರಿನ ಮೇಲೆ ಪ್ಲಾಸ್ಟಿಕ್ ಇದ್ದ ಹಾಗೆ. ಅದು ಚೆನ್ನಾಗಿದ್ರೆ ಸುದ್ದಿ ಸರ್ರ್ ಅಂತ ಹೋಗುತ್ತೆ. ಈ ಪದರ ಹುಟ್ಟಿದಾಗಲೇ ಪೂರ್ತಿ ಇರಲ್ಲ, ಬಾಲ್ಯ ಪೂರ್ತಿ, ಹರೆಯ ದಾಟೋ ತನಕ ಬೆಳೀತಾ ಇರುತ್ತೆ. ತಲೆಗೆ ಕೊಡೋ ರೇಡಿಯೇಷನ್ನು, ಅಂದ್ರೆ ನಮ್ಮೂರಲ್ಲಿ ಕರೆಂಟ್ ಕೊಡೋದು ಅಂತಾರಲ್ಲ ಅದು, ಈ ಪದರ ಕಟ್ಟೋ ಜೀವಕೋಶಗಳಿಗೆ, ಸಣ್ಣ ರಕ್ತನಾಳಗಳಿಗೆ ಏಟು ಕೊಡುತ್ತೆ. ಮೆಥೊಟ್ರೆಕ್ಸೇಟ್ ಅನ್ನೋ ಔಷಧಿ ಕ್ಯಾನ್ಸರ್ ಕೋಶಕ್ಕೆ ಫೋಲೇಟ್ ಅನ್ನೋ ವಿಟಮಿನ್ ಸಿಗದ ಹಾಗೆ ಮಾಡಿ ಕೊಲ್ಲುತ್ತೆ, ಫೋಲೇಟ್ ಮೆದುಳಿಗೂ ಬೇಕು. ಅದನ್ನ ಬೆನ್ನಿಗೆ ಇಂಜೆಕ್ಷನ್ ಹಾಕಿ ನೇರವಾಗಿ ಮೆದುಳಿನ ನೀರಿಗೇ ಕಳಿಸ್ತಾರೆ, ಯಾಕಂದ್ರೆ ಡ್ರಿಪ್ಪಲ್ಲಿ ಕೊಟ್ಟಿದ್ದು ಅಲ್ಲಿಗೆ ಸಾಕಷ್ಟು ಮುಟ್ಟಲ್ಲ, ಕ್ಯಾನ್ಸರ್ ಅಲ್ಲಿ ಅಡಗಿ ಕೂತು ವಾಪಸ್ ಬರಬಹುದು.

ಎಲ್ಲ ಮಕ್ಕಳಿಗೂ ಹಿಂಗೇ ಆಗುತ್ತಾ?

ಆಗಲ್ಲ. ಬ್ಲಡ್ ಕ್ಯಾನ್ಸರ್‌ಗೆ ಬರೀ ಕೀಮೋ ತಗೊಂಡ ಎಷ್ಟೋ ಮಕ್ಕಳು ಯಾವ ತೊಂದರೆನೂ ಇಲ್ಲದೆ ಓದ್ತಾರೆ, ತೊಂದರೆ ಆದವರಲ್ಲೂ ಬಹಳಷ್ಟು ಜನಕ್ಕೆ ಸಣ್ಣ ಮಟ್ಟದ್ದು. ಹೆಚ್ಚು ಹುಷಾರಾಗಿರಬೇಕಾದವರು ಮೆದುಳಿನ ಗಡ್ಡೆ ಇದ್ದ ಮಕ್ಕಳು, ತಲೆಗೆ ಕರೆಂಟ್ ತಗೊಂಡವರು, ಹೈ ಡೋಸ್ ಮೆಥೊಟ್ರೆಕ್ಸೇಟ್ ಅಥವಾ ಬೆನ್ನಿಗೆ ತುಂಬಾ ಇಂಜೆಕ್ಷನ್ ಆದವರು. ವಯಸ್ಸು ಚಿಕ್ಕದಾದಷ್ಟೂ ಅಪಾಯ ಜಾಸ್ತಿ, ಅದಕ್ಕೇ ಮೂರು ವರ್ಷದ ಒಳಗಿನ ಮಕ್ಕಳಿಗೆ ತಲೆಗೆ ಕರೆಂಟ್ ಕೊಡೋದನ್ನ ಆದಷ್ಟು ತಪ್ಪಿಸ್ತಾರೆ ಅಥವಾ ಮುಂದಕ್ಕೆ ಹಾಕ್ತಾರೆ. ಕರೆಂಟ್ ತಗೊಂಡವರಲ್ಲಿ ಹೆಣ್ಣುಮಕ್ಕಳಿಗೆ ಸ್ವಲ್ಪ ಹೆಚ್ಚು ಅಂತನೂ ಹೇಳ್ತಾರೆ. ಕಿಡ್ನಿ, ಹೊಟ್ಟೆ, ಮೂಳೆ ಕ್ಯಾನ್ಸರ್ ಆಗಿ ತಲೆಗೆ ಏನೂ ಮಾಡಿಲ್ಲ ಅಂದ್ರೆ ಅಪಾಯ ಕಮ್ಮಿ, ಆದ್ರೆ ಸಿಸ್ಪ್ಲಾಟಿನ್ ಅನ್ನೋ ಕೀಮೋ ಔಷಧಿ ಕೊಟ್ಟಿದ್ರೆ ಕಿವಿ ಟೆಸ್ಟ್ ಮಾಡ್ಸಿ. ಸಣ್ಣ ಕಿವುಡು ಇರೋ ಮಗು ಕ್ಲಾಸಲ್ಲಿ ಮಂಕಾಗಿ ಕೂತಿರೋ ಹಾಗೇ ಕಾಣುತ್ತೆ.

ಹಾಗಾದ್ರೆ ಕರೆಂಟ್ ಕೊಡಿಸಬಾರದಿತ್ತಾ? ನಾವೇ ತಪ್ಪು ಮಾಡಿದ್ವಾ?

ಅರಸೀಕೆರೆ ಕಡೆ ಒಬ್ಬ ಅಪ್ಪ ಇದನ್ನ ಕೇಳಿ ಫೋನಲ್ಲೇ ಅತ್ತುಬಿಟ್ರು. ಇಲ್ಲ ಅಣ್ಣ, ನೀವು ತಪ್ಪು ಮಾಡಿಲ್ಲ, ಮಗೂನ ಉಳಿಸ್ಕೊಂಡಿದ್ದೀರಿ.

ಸ್ವಲ್ಪ ಹಿಂದಿನ ಕತೆ ಹೇಳ್ತೀನಿ. 1960ರ ದಶಕದ ಶುರುವಿನಲ್ಲಿ ಈ ಬ್ಲಡ್ ಕ್ಯಾನ್ಸರ್ ಬಂದ ಮಕ್ಕಳು ಬದುಕ್ತಿದ್ದದ್ದೇ ಅಪರೂಪ, ಔಷಧಿಗೆ ಕಮ್ಮಿ ಆದ ಹಾಗೆ ಆಗಿ ಮತ್ತೆ ಮೆದುಳಿನಿಂದ ವಾಪಸ್ ಬರ್ತಿತ್ತು. ಅಮೆರಿಕದ ಸೇಂಟ್ ಜ್ಯೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಅನ್ನೋ ಡಾಕ್ಟ್ರು, ಅವರ ಜೊತೆಯವರು ತಲೆಗೂ ಸೇರಿಸಿ ಟ್ರೀಟ್ಮೆಂಟ್ ಕೊಟ್ಟ ಮೇಲೇನೇ ಅರ್ಧದಷ್ಟು ಮಕ್ಕಳು ಉಳಿಯೋ ಕಾಲ ಬಂತು. ಆಗ ಕೊಡ್ತಿದ್ದದ್ದು 24 ಗ್ರೇ, ಗ್ರೇ ಅಂದ್ರೆ ಕರೆಂಟಿನ ಅಳತೆ. ಉಳಿದ ಮಕ್ಕಳು ಸ್ಕೂಲಿಗೆ ಹೋಗಿ ಕಷ್ಟಪಡೋದನ್ನ ನೋಡಿದ ಮೇಲೆ ಅದನ್ನ 18ಕ್ಕೆ, ಕೆಲವರಿಗೆ 12ಕ್ಕೆ ಇಳಿಸಿದ್ರು. ಆಮೇಲೆ ಅದೇ ಆಸ್ಪತ್ರೆಯವರು 498 ಮಕ್ಕಳಿಗೆ ತಲೆಗೆ ಮುಂಜಾಗ್ರತೆಯ ಕರೆಂಟ್ ಕೊಡದೆ ಟ್ರೀಟ್ಮೆಂಟ್ ಮಾಡಿ 2009ರಲ್ಲಿ ಫಲಿತಾಂಶ ಹೇಳಿದ್ರು, ಐದು ವರ್ಷ ಆದಾಗ ನೂರಕ್ಕೆ 93ಕ್ಕೂ ಹೆಚ್ಚು ಮಕ್ಕಳು ಬದುಕಿದ್ರು. ಈಗ ಬ್ಲಡ್ ಕ್ಯಾನ್ಸರ್ ಮಕ್ಕಳಲ್ಲಿ ತುಂಬಾ ಕಮ್ಮಿ ಜನಕ್ಕೆ ತಲೆಗೆ ಕರೆಂಟ್ ಬೇಕಾಗುತ್ತೆ. ಮೆಡುಲ್ಲೋಬ್ಲಾಸ್ಟೋಮಾ ಅಂತ ಹಿಂದಲೆ ಗಡ್ಡೆಗೆ ಮಾತ್ರ ಮೂರು ವರ್ಷ ದಾಟಿದ ಮಕ್ಕಳಿಗೆ ಈಗಲೂ ಕೊಡಲೇಬೇಕಾಗುತ್ತೆ, ಆದ್ರೆ ಅದರಲ್ಲೂ ಅಪಾಯ ಕಮ್ಮಿ ಇರೋ ಮಕ್ಕಳಿಗೆ ತಲೆ ಬೆನ್ನುಹುರಿ ಪೂರ್ತಿಗೆ 36 ಗ್ರೇ ಬದಲು 23.4 ಸಾಕು ಅಂತ ಬಂದಿದೆ. ಡಾಕ್ಟ್ರು ಕೊಡ್ಲೇಬೇಕು ಅಂದಿದ್ರೆ ಅದಿಲ್ಲದೆ ಮಗು ಉಳೀತಿರಲಿಲ್ಲ ಅಂತ ಅರ್ಥ.

ಮನೇಲಿ ಹೆಂಗೆ ಗೊತ್ತಾಗುತ್ತೆ?

ನನಗೆ ಗೊತ್ತಾಗಿದ್ದು ಕೊತ್ತಂಬರಿ ಸೊಪ್ಪಿನಿಂದ. ಮನೆ ಎದುರು ಅಂಗಡಿ. ಹಾಲು, ಕೊತ್ತಂಬರಿ, ಕಾಲು ಕೆಜಿ ಸಕ್ಕರೆ ತಗೊಂಡು ಬಾ ಅಂತ ಕಳಿಸ್ದೆ, ಹಾಲು ಒಂದೇ ತಂದ. ವಾಪಸ್ ಕಳಿಸ್ದೆ, ಗೇಟ್ ತನಕ ಹೋಗಿ ನಿಂತ್ಕೊಂಡ, ತಿರುಗಿ ನನ್ನೇ ನೋಡ್ತಿದ್ದ, ಏನು ಅಂತ ಕೇಳಕ್ಕೆ ಹೆದರಿಕೆ. ಆಟದ ಮೇಲೇ ಗ್ಯಾನ ಅಂತ ನಾನು ಬೈದೆ. ಒಂಬತ್ತು ವರ್ಷ ಆಗ ಅವನಿಗೆ. ಆಮೇಲೆ ಸ್ಕೂಲ್ ನೋಟ್‌ಬುಕ್ ತೆಗೆದು ನೋಡಿದ್ರೆ ಪ್ರತಿ ದಿನದ ನೋಟ್ಸು ಅರ್ಧಕ್ಕೆ ನಿಂತಿದೆ, ಬೋರ್ಡ್ ಅಳಿಸೋ ಹೊತ್ತಿಗೆ ಇವನು ಎಲ್ಲಿದ್ದನೋ ಅಲ್ಲಿಗೆ. ಉಕ್ತಲೇಖನದಲ್ಲಿ ಒತ್ತಕ್ಷರ ಎಲ್ಲ ಬಿಟ್ಟಿದ್ದ, ಅಮ್ಮ ಅಂತ ಬರೆಯೋ ಕಡೆ ಅಮ. ಅಕ್ಷರ ಬರಲ್ಲ ಅಂತಲ್ಲ, ಒಂದೊಂದಾಗಿ ಕೇಳಿದ್ರೆ ಎಲ್ಲ ಬರೀತಾನೆ, ಮೇಷ್ಟ್ರು ಮುಂದಿನ ಪದಕ್ಕೆ ಹೋಗಿರ್ತಾರೆ ಅಷ್ಟೆ.

ಬೇರೆಯವರ ಮನೇಲಿ ನಾನು ಕೇಳಿರೋದು: ಮಗ್ಗಿ ರಾತ್ರಿ ಸರಿಯಾಗಿ ಒಪ್ಪಿಸಿ ಬೆಳಿಗ್ಗೆ ತಡವರಿಸೋದು, ಲೆಕ್ಕ ಶುರು ಮಾಡಿ ಮಧ್ಯ ನಿಂತುಬಿಡೋದು, ಸಾಯಂಕಾಲ ಸ್ಕೂಲಿಂದ ಬಂದು ಬ್ಯಾಗ್ ಸಮೇತ ನಿದ್ದೆ ಹೋಗೋದು, ಜೊತೆ ಮಕ್ಕಳ ತಮಾಷೆ ಅರ್ಥ ಆಗೋಷ್ಟರಲ್ಲಿ ಎಲ್ಲರೂ ನಕ್ಕು ಮುಗಿಸಿರೋದು, ಆಮೇಲೆ ಆಟಕ್ಕೇ ಹೋಗದೆ ಇರೋದು. ಎಸ್ಟೇಟ್ ಲೈನ್ ಮನೆಗಳಲ್ಲಿ ಡಿಸೆಂಬರಿಂದ ಕಾಫಿ ಕೊಯ್ಲು ಮುಗಿಯೋ ತನಕ ಅಪ್ಪ ಅಮ್ಮ ಬೆಳಿಗ್ಗೆ ಹೋದ್ರೆ ಕತ್ತಲಾದ್ಮೇಲೆ ಬರೋದು, ಅಂಥ ಕಡೆ ಅಜ್ಜಿಗೆ ಹೇಳಿಟ್ಟಿರಿ, ಅವರೇ ಮೊದಲು ಗಮನಿಸೋದು.

ಬರವಣಿಗೆ ನಿಧಾನ ಆಗಕ್ಕೆ ಕೈಯೂ ಕಾರಣ ಇರಬಹುದು. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ಬೆರಳು, ಪಾದದ ನರಗಳನ್ನ ಸುಸ್ತು ಮಾಡುತ್ತೆ. ದಪ್ಪ ಪೆನ್ಸಿಲ್ ಕೊಟ್ಟು ನೋಡಿ.

ಯಾವುದಕ್ಕೆ ಕಾಯದೆ ಆಸ್ಪತ್ರೆಗೆ ಓಡ್ಬೇಕು?

ಫಿಟ್ಸ್ ಬಂದ್ರೆ. ಬೆಳಿಗ್ಗೆ ಎದ್ದಾಗ ತಲೆನೋವು ವಾಂತಿ ಪದೇ ಪದೇ ಆದ್ರೆ. ಒಂದು ಕಡೆ ಕೈ ಕಾಲು ಸೋತರೆ, ಮಾತು ತೊದಲಿದ್ರೆ, ನಡಿಗೆ ವಾಲಿದ್ರೆ, ಬರ್ತಿದ್ದ ಕೆಲಸವೇ ಕೆಲವು ದಿನ, ವಾರದಲ್ಲಿ ಬಾರದೆ ಹೋದ್ರೆ. ಲೇಟ್ ಎಫೆಕ್ಟ್ ನಿಧಾನವಾಗಿ ಬರೋದು, ಇದ್ದಕ್ಕಿದ್ದಂಗೆ ಆಗಿದ್ದು ಬೇರೆ ಏನೋ ಇರುತ್ತೆ.

ಟೆಸ್ಟ್ ಅಂದ್ರೆ ಏನು, ಎಲ್ಲಿ ಮಾಡಿಸ್ಬೇಕು?

ರಕ್ತ ತೆಗೆಯಲ್ಲ, ಸೂಜಿ ಇಲ್ಲ, ಇದನ್ನ ಮಗುವಿಗೆ ಮೊದಲೇ ಹೇಳಿ, ನನ್ನ ಮಗ ಆಸ್ಪತ್ರೆ ಮೆಟ್ಟಿಲಲ್ಲೇ ಬೆನ್ನು ಹಿಡ್ಕೊಂಡು ಕೂತಿದ್ದ. ಕ್ಲಿನಿಕಲ್ ಸೈಕಾಲಜಿಸ್ಟ್ ಎದುರು ಕೂರಿಸ್ಕೊಂಡು ಬ್ಲಾಕ್ ಜೋಡಿಸೋದು, ಚಿತ್ರ ನೋಡೋದು, ಅಂಕಿ ಹೇಳಿ ಉಲ್ಟಾ ಹೇಳಿಸೋದು, ಓದಿಸೋದು ಬರೆಸೋದು ಮಾಡ್ತಾರೆ. ಬೀನೆ ಕಾಮತ್, ಮಿಸಿಕ್ ಅನ್ನೋ ಐಕ್ಯೂ ಟೆಸ್ಟುಗಳ ಹೆಸರು ರಿಪೋರ್ಟಲ್ಲಿ ನೋಡಿರ್ತೀರಿ, ಓದು ಬರಹಕ್ಕೆ ನಿಮ್ಹಾನ್ಸ್ ಬ್ಯಾಟರಿ ಅಂತ ಟೆಸ್ಟುಗಳ ಗುಂಪು ಇದೆ. ಬರೀ ಐಕ್ಯೂ ನಂಬರ್ ಕೊಟ್ಟು ಕಳಿಸಿದ್ರೆ ಸಾಲದು, ಗಮನ, ಸ್ಪೀಡು, ನೆನಪು ಇವನ್ನ ಬೇರೆ ಬೇರೆ ನೋಡಿ ಬರೆದುಕೊಡಿ ಅಂತ ಕೇಳಿ.

ಅದಕ್ಕೆ ಮುಂಚೆ ಕಣ್ಣು, ಕಿವಿ, ಥೈರಾಯ್ಡ್, ಹಿಮೋಗ್ಲೋಬಿನ್ ಮಾಡಿಸಿ. ತಲೆಗೆ ಕರೆಂಟ್ ಆದ ಮಕ್ಕಳಲ್ಲಿ ವರ್ಷಗಳಾದ ಮೇಲೂ ಥೈರಾಯ್ಡ್ ಕಮ್ಮಿ ಆಗಬಹುದು, ಅದಾದ್ರೆ ಮಗು ಮಂಕಾಗುತ್ತೆ, ಮಾತ್ರೆಗೆ ಸರಿಹೋಗುತ್ತೆ.

ಹಾಸನದಲ್ಲಿ ಹಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಮಕ್ಕಳ ವಿಭಾಗ ಮತ್ತು ಮನೋರೋಗ ವಿಭಾಗದಿಂದ ಶುರು ಮಾಡಬಹುದು. ಜಿಲ್ಲೆಗಳಲ್ಲಿ ಮಕ್ಕಳ ತೊಂದರೆ ಬೇಗ ಪತ್ತೆ ಮಾಡಕ್ಕೇ ಅಂತ ಡಿಇಐಸಿ ಕೇಂದ್ರ ಇರುತ್ತೆ, ಶಾಲೆಗೆ ಆರೋಗ್ಯ ತಪಾಸಣೆಗೆ ಬರೋ ಆರ್‌ಬಿಎಸ್‌ಕೆ ಟೀಮಿನವರೇ ಅಲ್ಲಿಗೆ ಬರೆದುಕೊಡ್ತಾರೆ. ಬೆಂಗಳೂರಿಗೇ ಹೋಗೋದಾದ್ರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ನಿಮ್ಹಾನ್ಸ್ ಹತ್ತಿರ ಹತ್ತಿರಾನೇ ಇವೆ, ಕಿದ್ವಾಯಿ ಫಾಲೋಅಪ್ ಇರೋರು ನಿಮ್ಹಾನ್ಸ್ ಕೆಲಸಾನೂ ಅದೇ ಪ್ರಯಾಣಕ್ಕೆ ಜೋಡಿಸ್ಕೊಳ್ಳಿ, ಕೂಲಿ ಬಿಟ್ಟು ಹೋಗೋರಿಗೆ ಅದೊಂದು ದಿನವೂ ದೊಡ್ಡದೇ.

ಸ್ಕೂಲಲ್ಲಿ ಕ್ಯಾನ್ಸರ್ ವಿಷಯ ಹೇಳ್ಬೇಕಾ? ಹೆಣ್ಣುಮಗು, ನಾಳೆ ಮದುವೆಗೆ ತೊಂದರೆ ಆಗುತ್ತೆ ಅಂತಾರೆ.

ಇದನ್ನ ಕೇಳಿದಾಗೆಲ್ಲ ನಂಗೆ ಸಂಕಟ ಆಗುತ್ತೆ. ಊರಿಗೆಲ್ಲ ಹೇಳ್ಬೇಡಿ, ಅದು ನಿಮ್ಮಿಷ್ಟ. ಆದ್ರೆ ಹೆಡ್ ಮಾಸ್ಟ್ರಿಗೆ, ಕ್ಲಾಸ್ ಟೀಚರ್‌ಗೆ ಹೇಳಿ. ನಾವು ಮೊದಲು ಮುಚ್ಚಿಟ್ಟಿದ್ವಿ. ಆಗಿದ್ದ ಸ್ಕೂಲಲ್ಲಿ ಒಬ್ಬ ಮಿಸ್ಸು ಇವನನ್ನ ಕೊನೇ ಬೆಂಚಿಗೆ ಕೂರಿಸಿ, ನೋಟ್ಸ್ ಮುಗಿಸಿಲ್ಲ ಅಂತ ದಿನಾ ಪಿಟಿ ಪೀರಿಯಡ್ ತಪ್ಪಿಸಿ ಬರೆಸ್ತಿದ್ರು, ಒಂದು ವರ್ಷ ಆಟ ಆಡಿಲ್ಲ ನನ್ನ ಮಗ, ಮನೇಲಿ ಹೇಳೂ ಇಲ್ಲ. ಅವರಿಗೆ ಗೊತ್ತಿದ್ರೆ ಮಾಡ್ತಿದ್ರೋ ಇಲ್ವೋ, ಗೊತ್ತಾಗೋ ಅವಕಾಶ ನಾವೇ ಕೊಟ್ಟಿರಲಿಲ್ಲ. ಸ್ಕೂಲ್ ಬದಲಾಯಿಸಿದ ಮೇಲೆ ಮೊದಲ ದಿನವೇ ಫೈಲ್ ಹಿಡ್ಕೊಂಡು ಹೋಗಿ ಎಲ್ಲ ಹೇಳ್ದೆ.

ಕೇಳಬೇಕಾದ್ದು ದೊಡ್ಡದೇನಲ್ಲ. ಮುಂದಿನ ಬೆಂಚು, ಕಿಟಕಿ ಬಾಗಿಲಿಂದ ದೂರ. ಬೋರ್ಡ್ ನೋಡಿ ಪೂರ್ತಿ ಬರೆಸೋ ಬದಲು ಜೊತೆ ಹುಡುಗನ ನೋಟ್ಸ್ ಫೋಟೋ. ಒಂದು ಸಲಕ್ಕೆ ಒಂದೇ ಸೂಚನೆ. ಹತ್ತು ಲೆಕ್ಕದ ಬದಲು ಐದು. ಟೆಸ್ಟಲ್ಲಿ ಸ್ವಲ್ಪ ಹೆಚ್ಚು ಟೈಮು. ಪ್ರಶ್ನೆ ಕೇಳಿ ತಕ್ಷಣ ಮುಂದಿನವನಿಗೆ ಹೋಗದೆ ಮನಸಲ್ಲೇ ಹತ್ತು ಎಣಿಸಿ ಕಾಯೋದು, ಉತ್ತರ ಬರುತ್ತೆ. ಸರ್ಕಾರಿ ಶಾಲೆ ಆದ್ರೆ ತಾಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರೋ ಸಂಪನ್ಮೂಲ ಶಿಕ್ಷಕರು ಇರ್ತಾರೆ, ಅವರನ್ನ ಕರೆಸಿ ಅಂತ ಹೆಡ್ ಮಾಸ್ಟ್ರನ್ನ ಕೇಳಿ.

ಅಂಟುರೋಗ ಅಲ್ಲ ಅಂತಾನೂ ಹೇಳ್ಬೇಕಾಗುತ್ತೆ. ಹೇಳಿ.

ಇಂಗ್ಲಿಷ್ ಮೀಡಿಯಂ ಬಿಡಿಸಿ ಕನ್ನಡಕ್ಕೆ ಹಾಕ್ಬೇಕಾ?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ನನ್ನ ಅಭಿಪ್ರಾಯ ಹೇಳ್ತೀನಿ: ಮನೇಲಿ ಯಾರೂ ಇಂಗ್ಲಿಷ್ ಮಾತಾಡಲ್ಲ ಅಂದ್ರೆ ಮಗು ಮೊದಲು ಭಾಷೆ ಬಿಡಿಸ್ಕೊಂಡು ಆಮೇಲೆ ಪಾಠ ಅರ್ಥ ಮಾಡ್ಕೋಬೇಕು, ನಿಧಾನ ಆಗಿರೋ ಮೆದುಳಿಗೆ ಎರಡು ಕೆಲಸ. ನಾವು ಐದನೇ ಕ್ಲಾಸಿಗೆ ಕನ್ನಡ ಮೀಡಿಯಂಗೆ ಹಾಕಿದ್ವಿ, ನೆಂಟರೆಲ್ಲ ಬೈದ್ರು, ಮಗ ಒಂದು ತಿಂಗಳಲ್ಲಿ ವಿಜ್ಞಾನದ ಪಾಠ ಮನೇಲಿ ನಂಗೆ ಹೇಳಕ್ಕೆ ಶುರು ಮಾಡ್ದ. ಸೆಟ್ಲ್ ಆಗಿರೋ ಮಗೂನ ಮಾತ್ರ ಬರೀ ಭಾಷೆಗೋಸ್ಕರ ಕೀಳ್ಬೇಡಿ, ಫ್ರೆಂಡ್ಸೂ ಮುಖ್ಯ.

ಟ್ಯೂಷನ್ ಜಾಸ್ತಿ ಮಾಡಿದ್ರೆ?

ಬೇಡ. ಸುಸ್ತಾದ ತಲೆಗೆ ಇನ್ನೆರಡು ಗಂಟೆ ತುಂಬಿದ್ರೆ ಏನೂ ಉಳಿಯಲ್ಲ. ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಅಂಗಳದಲ್ಲಿ ಓಡಾಟ, ಮತ್ತೆ ಇಪ್ಪತ್ತು. ಹಿಂದಿನ ದಿನದ್ದನ್ನ ಐದು ನಿಮಿಷ ಮತ್ತೆ ಕೇಳೋದು. ಮಾಡಬೇಕಾದ ಕೆಲಸ ಗೋಡೆ ಮೇಲೆ ಬರೆದು ಅಂಟಿಸೋದು. ಮಗ್ಗಿ ಹಾಳೆ ಎದುರಿಗೇ ಇಟ್ಟು ಲೆಕ್ಕ ಮಾಡಿಸಿ, ಲೆಕ್ಕದ ದಾರಿ ಕಲೀಲಿ. ಒಂಬತ್ತು ಗಂಟೆಗೆ ಮಲಗಿಸಿ.

ಒಂದೆಲಗ, ಬ್ರಾಹ್ಮಿ ಕೊಡಬಹುದಾ?

ಟ್ರೀಟ್ಮೆಂಟ್ ಮುಗಿದ ಮಗುವಿಗೆ ಮನೇಲಿ ಎಲ್ಲರೂ ತಿನ್ನೋ ಒಂದೆಲಗದ ತಂಬುಳಿ ಊಟಕ್ಕೆ ಹಾಕಿದ್ರೆ ಹಾಕಿ, ಮಲೆನಾಡಲ್ಲಿ ಅದಿಲ್ಲದ ಮನೆ ಯಾವುದು. ಅದರಿಂದ ಈ ತೊಂದರೆ ವಾಸಿ ಆಗುತ್ತೆ ಅಂತ ನಂಬಿ ಟೆಸ್ಟು, ಸ್ಕೂಲ್ ಕೆಲಸ ಮುಂದೆ ಹಾಕ್ಬೇಡಿ. ಟ್ರೀಟ್ಮೆಂಟ್ ನಡೀತಿರೋವಾಗ ಮಾತ್ರ ಪುಡಿ, ಲೇಹ್ಯ, ನೆನಪಿನ ಶಕ್ತಿ ಟಾನಿಕ್ ಏನನ್ನೂ ಡಾಕ್ಟ್ರನ್ನ ಕೇಳದೆ ಕೊಡ್ಬೇಡಿ. ಬರೀ ಫೋಲಿಕ್ ಆಸಿಡ್ ಮಾತ್ರೆ ಕೂಡ ಬೇಡ, ಮೆಥೊಟ್ರೆಕ್ಸೇಟ್ ಕೆಲಸ ಮಾಡೋದೇ ಫೋಲೇಟಿಗೆ ಅಡ್ಡ ನಿಂತು, ನೀವು ಅದನ್ನ ತುಂಬಿಸಿದ್ರೆ ಔಷಧಿಯ ಬಲ ಹೋಗಬಹುದು.

ಇದಕ್ಕೆ ಮಾತ್ರೆ ಇದ್ಯಾ?

ಗಮನ ತುಂಬಾ ಚದುರೋ ಕೆಲವು ಮಕ್ಕಳಿಗೆ ಮಿಥೈಲ್‌ಫೆನಿಡೇಟ್ ಅಂತ ಮಾತ್ರೆ ಕೊಡ್ತಾರೆ, ಕೆಲವರಿಗೆ ಉಪಯೋಗ ಆಗಿದೆ. ಮಕ್ಕಳ ಮನೋವೈದ್ಯರು ನೋಡಿಯೇ ಕೊಡ್ಬೇಕು. ಉಳಿದಂತೆ ಅಭ್ಯಾಸ, ಸ್ಪೆಷಲ್ ಎಜುಕೇಟರ್, ಆಟ.

ಎಸ್‌ಎಸ್‌ಎಲ್‌ಸಿಯಲ್ಲಿ ಏನಾದ್ರೂ ರಿಯಾಯಿತಿ ಸಿಗುತ್ತಾ?

ಸಿಗುತ್ತೆ, ಆದ್ರೆ ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದ್ರೆ ಸಿಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇದೆ, ಕಲಿಕಾ ನ್ಯೂನತೆ, ಬೌದ್ಧಿಕ ಅಸಾಮರ್ಥ್ಯ, ಕಿವುಡುತನ ಎಲ್ಲ ಅದರೊಳಗೆ ಬರುತ್ತೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಸರ್ಟಿಫಿಕೇಟ್ ಆದ್ರೆ ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡು ತೋರಿಸಿ ಸೌಲಭ್ಯ ಕೇಳಬಹುದು. ಕೇಂದ್ರ ಸರ್ಕಾರದವರ ಮಾರ್ಗಸೂಚಿಯಲ್ಲಿ ಗಂಟೆಗೆ ಕಮ್ಮಿ ಅಂದ್ರೂ 20 ನಿಮಿಷ ಹೆಚ್ಚು ಸಮಯ, ಬರೆಯಕ್ಕೆ ಆಗದಿದ್ರೆ ಬರೆಯೋರು ಅಂತ ಇದೆ, ಅಂದ್ರೆ ಮೂರು ಗಂಟೆ ಪೇಪರ್‌ಗೆ ಒಂದು ಗಂಟೆ. ಅರ್ಜಿ ಹೋಗೋದು ಹೆಡ್ ಮಾಸ್ಟ್ರ ಮೂಲಕ ಪರೀಕ್ಷಾ ಮಂಡಳಿಗೆ. ಒಂಬತ್ತನೇ ಕ್ಲಾಸಲ್ಲೇ ಟೆಸ್ಟ್, ಸರ್ಟಿಫಿಕೇಟ್ ಮುಗಿಸಿಟ್ಕೊಳ್ಳಿ.

ಕಷ್ಟ ಇರೋದು ಮಧ್ಯದ ಮಕ್ಕಳಿಗೆ. ಐಕ್ಯೂ 85, 90 ಬರುತ್ತೆ, ಸ್ಪೀಡ್ ಮಾತ್ರ ತುಂಬಾ ಕಮ್ಮಿ, ಯಾವ ಸರ್ಟಿಫಿಕೇಟಿಗೂ ಸಲೀಸಾಗಿ ಕೂರಲ್ಲ. ಇದು ನನಗೆ ಅನ್ಯಾಯ ಅನ್ಸುತ್ತೆ. ಅಂಥವರು ಸೈಕಾಲಜಿಸ್ಟ್ ರಿಪೋರ್ಟ್ ಇಟ್ಕೊಂಡು ಸ್ಕೂಲ್ ಒಳಗಿನ ಟೆಸ್ಟುಗಳಿಗಾದ್ರೂ ಟೈಮ್ ಕೇಳಿ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಟೆಸ್ಟ್ ಮಾಡಿಸಿ, ಅಂತರ ಬೆಳೆದಿರಬಹುದು.

ಕೊನೆಗೆ ಸರಿಹೋಗುತ್ತಾ?

ಪೂರ್ತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಕರೆಂಟ್ ಜಾಸ್ತಿ ಆದ ಮಕ್ಕಳಿಗೆ ದೊಡ್ಡವರಾದ ಮೇಲೂ ಸಹಾಯ ಬೇಕಾಗಬಹುದು. ಬರೀ ಕೀಮೋ ಆದ ಎಷ್ಟೋ ಜನ ಟೈಮ್ ಕೊಟ್ರೆ ಡಿಗ್ರಿ ಮಾಡ್ತಾರೆ, ಕೆಲಸಕ್ಕೆ ಹೋಗ್ತಾರೆ. ನನ್ನ ಮಗ ಈಗಲೂ ಏಳರ ಮಗ್ಗಿಗೆ ಬೆರಳು ಮಡಚ್ತಾನೆ. ಬೈಕ್ ರಿಪೇರಿ ಅಂಗಡೀಲಿ ಕೂತ್ರೆ ಕಾರ್ಬ್ಯುರೇಟರ್ ಬಿಚ್ಚಿ ಒಂದು ಸ್ಕ್ರೂ ಉಳಿಸದೆ ಜೋಡಿಸ್ತಾನೆ, ನಿಧಾನವಾಗಿ. ಈ ಒದ್ದಾಟದಲ್ಲಿ ನಿಮಗೇ ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲಿ ಮಾತಾಡ್ತಾರೆ.

ಮುಂದಿನ ಫಾಲೋಅಪ್‌ಗೆ ಏನು ತಗೊಂಡು ಹೋಗ್ಲಿ?

ಟ್ರೀಟ್ಮೆಂಟ್ ಸಮ್ಮರಿ. ಯಾವ ಔಷಧಿ ಒಟ್ಟು ಎಷ್ಟು, ಬೆನ್ನಿಗೆ ಎಷ್ಟು ಇಂಜೆಕ್ಷನ್, ಕರೆಂಟ್ ಎಷ್ಟು ಗ್ರೇ, ಎಲ್ಲಿಗೆ. ಬರೆದುಕೊಟ್ಟಿಲ್ಲ ಅಂದ್ರೆ ಕೇಳಿ ಇಸ್ಕೊಳ್ಳಿ, ಇಪ್ಪತ್ತು ವರ್ಷ ಆದ ಮೇಲೂ ಬೇಕಾಗುತ್ತೆ. ಮೂಡಿಗೆರೆಯ ಒಬ್ಬ ತಾಯಿಯ ಫೈಲ್ ಪೂರ್ತಿ ಮಳೆಗಾಲದಲ್ಲಿ ಸೂರು ಸೋರಿ ಮುದ್ದೆ ಆಗಿತ್ತು, ಆದ್ದರಿಂದ ಪ್ರತಿ ಹಾಳೆ ಫೋಟೋ ತೆಗೆದು ಇಬ್ಬರ ಫೋನಲ್ಲಿ ಇಡಿ.

ಜೊತೆಗೆ ಮಗುವಿನ ಎರಡು ನೋಟ್‌ಬುಕ್, ಹೋದ ವರ್ಷದ್ದೊಂದು ಈ ವರ್ಷದ್ದೊಂದು. ಫಾಲೋಅಪ್‌ನಲ್ಲಿ ಡಾಕ್ಟ್ರಿಗೆ ಸಿಗೋದು ಐದು ನಿಮಿಷ, ಓದಲ್ಲ ಸರ್ ಅಂದ್ರೆ ಎಲ್ಲ ಮಕ್ಕಳೂ ಹಂಗೇ ಅಂತಾರೆ. ನಾನು ಮಾತೇ ಆಡದೆ ಅರ್ಧರ್ಧಕ್ಕೆ ನಿಂತ ಆ ಪುಟಗಳನ್ನ ಟೇಬಲ್ ಮೇಲೆ ಬಿಡಿಸಿಟ್ಟೆ. ಅವರು ಪೆನ್ ಕೆಳಗಿಟ್ಟು ಒಂದೊಂದೇ ಹಾಳೆ ತಿರುವಿದ್ರು, ಅವತ್ತೇ ಟೆಸ್ಟಿಗೆ ಬರೆದುಕೊಟ್ರು.